ಇಟಲಿಯ ನಿಂಬೆ ಹಾದಿ: ಕ್ಯಾಮೆರಾ ಕಂಡದ್ದು, ಕಾಲು ಕಂಡದ್ದು!

ಚಿತ್ರರಸಿಕ ಮಿತ್ರರೇ, ಮೊದಲಿಗೆ ಒಂದು ಸಣ್ಣ ಪರೀಕ್ಷೆ. 'ಹಮ್ ದಿಲ್ ದೇ ಚುಕೆ ಸನಮ್' (1999) ಹಿಂದಿ ಚಿತ್ರ ನೋಡಿದ್ದೀರಲ್ಲ? ಹೆಂಡತಿಯನ್ನು ಅವಳ ಪ್ರಿಯಕರನಿಗೆ ಒಪ್ಪಿಸಿ ಬರೋಣ ಅಂತ ಅಜಯ್ ದೇವಗನ್, ಐಶ್ವರ್ಯಾ ರೈಯನ್ನು ಕರೆದುಕೊಂಡು ಹೋಗುವುದು ಯಾವ ದೇಶಕ್ಕೆ?

"ಇಟಲಿ!" ಅಂದಿರಾ? ಕಥೆಯ ಲೆಕ್ಕದಲ್ಲಿ ಪೂರ್ತಿ ಅಂಕ. ಆದರೆ ಕ್ಯಾಮೆರಾ ನಿಂತದ್ದು ಹಂಗೆರಿ ದೇಶದ ಬುಡಾಪೆಸ್ಟಿನಲ್ಲಿ ಸ್ವಾಮಿ! ನಾವು ಟಾಕೀಸಿನಲ್ಲಿ ಬಾಯಿ ಬಿಟ್ಟುಕೊಂಡು "ಆಹಾ ಇಟಲಿ, ಓಹೋ ಇಟಲಿ" ಅಂದದ್ದೆಲ್ಲಾ ಹಂಗೆರಿಯ ಖಾತೆಗೆ ಜಮಾ.

ಈ ಆಟ ನಮ್ಮವರು ಮಾತ್ರ ಆಡಿದ್ದಲ್ಲ. ಇಟಲಿಯವರೂ ಆಡಿದ್ದಾರೆ. 1946ರಲ್ಲಿ ರೊಬೆರ್ತೊ ರೊಸೆಲ್ಲಿನಿ ಎಂಬ ಮಹಾಶಯ 'ಪೈಸಾ' ಅಂತ ಒಂದು ಚಿತ್ರ ತೆಗೆದ. ಪೈಸಾ ಎಂದರೆ ದುಡ್ಡಲ್ಲ! ಅಲ್ಲಿಯ ದಕ್ಷಿಣದವರ ಮಾತಿನಲ್ಲಿ "ನಮ್ಮೂರಿನವನೇ" ಅಂತ ಅರ್ಥ. ಎರಡನೇ ಮಹಾಯುದ್ಧದ ಆರು ಸಣ್ಣ ಕಥೆಗಳು. ಮೊದಲ ಕಥೆ ನಡೆಯೋದು ಸಿಸಿಲಿ ದ್ವೀಪದಲ್ಲಿ. ಮತ್ತೊಂದು ಕಥೆ ನಡೆಯೋದು ದೂರದ ಬೆಟ್ಟಸೀಮೆಯ ಒಂದು ಕ್ರೈಸ್ತ ಮಠದಲ್ಲಿ. ಎರಡನ್ನೂ ಚಿತ್ರೀಕರಿಸಿದ್ದು ಮಾತ್ರ ಒಂದೇ ಊರಿನ ಸುತ್ತಮುತ್ತ. ಆ ಊರಿನ ಹೆಸರು ಮಯೋರಿ.

ಆ ಮಯೋರಿಯಿಂದ ಪಕ್ಕದ ಮಿನೋರಿಗೆ ನಾನು ನಡೆದು ಹೋಗಿ ಬಂದಿದ್ದೇನೆ. ಆ ಕಥೆಯೇ ಇದು.

*ಐದನೆಯವ*

"ನೀನೆಲ್ಲಿ, ಇಟಲಿ ಎಲ್ಲಿ?" ಅಂತ ಕೇಳೋರು ಕೇಳಲಿ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಪಾಸ್‌ಪೋರ್ಟ್ ಕೊಡೋದಿಲ್ಲ ಅಂತ ಎಲ್ಲೂ ಬರೆದಿಲ್ಲವಲ್ಲ! ಕನ್ನಡ ಚಿತ್ರವೊಂದರ ಹಾಡಿಗೆ ಜಾಗ ನೋಡೋಕೆ ನಾಲ್ಕು ಜನರ ತಂಡ ಹೊರಟಿತ್ತು. ನಾನು ಐದನೆಯವ. ನನ್ನ ಕೆಲಸ ಎರಡು. ನೋಡಿದ ಜಾಗಗಳ ವಿವರ ಬರೆದಿಡೋದು, ಲಗೇಜು ಎಣಿಸೋದು.

ಕನ್ನಡ ಚಿತ್ರರಂಗಕ್ಕೆ ವಿದೇಶ ಹೊಸದೇನಲ್ಲ. 'ಸಿಂಗಾಪುರದಲ್ಲಿ ರಾಜಾ ಕುಳ್ಳ' (1978) ಚಿತ್ರಕ್ಕಾಗಿ ವಿಷ್ಣುವರ್ಧನ್, ದ್ವಾರಕೀಶ್ ವಿಮಾನ ಹತ್ತಿದ್ದು ನಮ್ಮಪ್ಪನ ಕಾಲದ ದೊಡ್ಡ ಸುದ್ದಿ. ಈಗ ನಾಯಕ ನಾಯಕಿ ಕಣ್ಣುಕಣ್ಣು ನೋಡಿದರೆ ಸಾಕು, ಮುಂದಿನ ಶಾಟ್‌ನಲ್ಲಿ ಯುರೋಪು! ಹಾಗಾಗಿ ನಮ್ಮ ತಂಡಕ್ಕೂ ಬೇಕಾಗಿದ್ದದ್ದು ಸಮುದ್ರ, ಬೆಟ್ಟ, ಬಣ್ಣಬಣ್ಣದ ಮನೆ, ಒಂದು ಕಾಲುದಾರಿ.

ಇಟಲಿಯ ನಕ್ಷೆ ನೆನಪಿಸಿಕೊಳ್ಳಿ. ಬೂಟುಗಾಲಿನ ಆಕಾರ. ಆ ಬೂಟಿನ ಮೊಣಕಾಲಿಗಿಂತ ಕೆಳಗೆ, ಪಡುವಣ ಬದಿಗೆ ನೇಪಲ್ಸ್ ನಗರ. ಅದರ ದಕ್ಷಿಣಕ್ಕೆ ಅಮಾಲ್ಫಿ ಕರಾವಳಿ. ಬೆಟ್ಟ ಸೀದಾ ಬಂದು ಸಮುದ್ರಕ್ಕೆ ಕಾಲಿಟ್ಟ ಹಾಗಿದೆ. ನಡುವೆ ಬಯಲು ಅನ್ನೋದೇ ಇಲ್ಲ. ಎಲ್ಲೆಲ್ಲಿ ಹಳ್ಳ ಇಳಿದು ಸಮುದ್ರ ಸೇರುತ್ತದೋ ಅಲ್ಲಲ್ಲಿ ಒಂದೊಂದು ಊರು. 1997ರಲ್ಲಿ ಯುನೆಸ್ಕೊ ಈ ಇಡೀ ಕರಾವಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಯೋರಿ, ಮಿನೋರಿ ಅಂದರೆ ದೊಡ್ಡದು, ಚಿಕ್ಕದು. ನಮ್ಮಲ್ಲಿ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಇದ್ದ ಹಾಗೆ! ಹಿಂದೆ ಎರಡಕ್ಕೂ 'ರೆಜಿನ್ನಾ' ಅಂತಲೇ ಹೆಸರು, ಒಂದು ಹಿರಿಯದು, ಇನ್ನೊಂದು ಕಿರಿಯದು. ಸಮುದ್ರದ ಪಕ್ಕದ ಟಾರು ರಸ್ತೆಯಲ್ಲಿ ಎರಡೂ ಊರುಗಳ ನಡುವೆ ಎರಡು ಕಿಲೋಮೀಟರ್ ಕೂಡ ಇಲ್ಲ. ಆದರೆ ಆ ರಸ್ತೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಅದಕ್ಕೆ ಮುಂಚೆ ಮದುವೆ ದಿಬ್ಬಣ ಹೋಗಲಿ, ಹೆಣ ಹೋಗಲಿ, ಬೆಟ್ಟ ಹತ್ತಿ ಇಳಿಯುವ ಕಲ್ಲು ಮೆಟ್ಟಿಲಿನ ಹಾದಿಯೇ ಗತಿ. ಅದಕ್ಕೆ ಈಗ 'ಸೆಂಟಿಯೆರೊ ದೇಯ್ ಲಿಮೋನಿ' ಅಂತ ಹೆಸರು. ನಿಂಬೆ ಹಾದಿ!

ನಮ್ಮ ವ್ಯಾನಿನ ಡ್ರೈವರ್ ಶ್ರೀಲಂಕಾದವರು. ನೇಪಲ್ಸಿನಲ್ಲಿ ನೆಲೆಸಿ ಇಪ್ಪತ್ತು ವರ್ಷವಾಗಿದೆ. ಇಟಾಲಿಯನ್ ನೀರು ಕುಡಿದಷ್ಟು ಸಲೀಸು, ತಮಿಳೂ ಬರುತ್ತದೆ. ಗಾಂಧಿನಗರದ ಸ್ಟುಡಿಯೋಗಳಲ್ಲಿ ತಿರುಗಿದವನಿಗೆ ತಮಿಳು ಬಾರದೇ ಇರುತ್ತಾ? ನಾನು ಅವರನ್ನು "ಅಣ್ಣಾ" ಅಂದೆ, ಅವರು ನನ್ನನ್ನು "ತಂಬಿ" ಅಂದರು. ಅಲ್ಲಿಗೆ ಭಾಷೆಯ ಸಮಸ್ಯೆ ಬಗೆಹರಿಯಿತು.

*ನಾಯಕಿ ಯಾರು? ಹಳ್ಳಿ ಹುಡುಗಿ!*

ಹಾದಿ ಹತ್ತುವ ಮುಂಚೆ ಮಯೋರಿಯ ಸಿನಿಮಾ ಚರಿತ್ರೆ ಸ್ವಲ್ಪ ಕೇಳಿ.

'ಪೈಸಾ'ದ ಮೊದಲ ಕಥೆ 1943ರ ಜುಲೈನದು. ಅಮೆರಿಕದ ಸೈನಿಕರು ರಾತ್ರಿ ಸಿಸಿಲಿಯ ದಡಕ್ಕೆ ಬಂದಿಳಿಯುತ್ತಾರೆ. ದಾರಿ ತೋರಿಸೋಕೆ ಒಬ್ಬ ಹಳ್ಳಿ ಹುಡುಗಿ. ಸಮುದ್ರದ ಅಂಚಿನ ಹಳೇ ಗೋಪುರದಲ್ಲಿ ಅವಳ ಜೊತೆ ಜೋ ಎಂಬ ಒಬ್ಬ ಸೈನಿಕನನ್ನು ಕಾವಲಿಗೆ ಬಿಟ್ಟು ಉಳಿದವರು ಹೋಗುತ್ತಾರೆ. ಅವನ ಭಾಷೆ ಅವಳಿಗೆ ಬಾರದು, ಅವಳದ್ದು ಇವನಿಗೆ ಬಾರದು. ಕತ್ತಲಲ್ಲಿ ಮನೆಯವರ ಫೋಟೋ ತೋರಿಸೋಕೆ ಅಂತ ಲೈಟರ್ ಹೊತ್ತಿಸುತ್ತಾನೆ. ಆ ಬೆಳಕಿಗೇ ದೂರದಿಂದ ಜರ್ಮನ್ ಗುಂಡು! ಹುಡುಗಿ ಅವನ ಬಂದೂಕು ತಗೊಂಡು ಶತ್ರುವಿನ ಮೇಲೆ ಹಾರಿಸಿ ತಾನೂ ಸಾಯುತ್ತಾಳೆ. ವಾಪಸ್ ಬಂದ ಅಮೆರಿಕನ್ನರು ಜೋನ ಹೆಣ ನೋಡಿ, "ಅವಳೇ ಕೊಂದಳು" ಅಂತ ಬೈದುಕೊಳ್ಳುತ್ತಾರೆ. ನಮಗೆ ಗೊತ್ತು, ಅವರಿಗೆ ಗೊತ್ತಾಗಲ್ಲ. ಎದೆ ಹಿಂಡಿದ ಹಾಗಾಗುತ್ತೆ ಕಣ್ರೀ.

ಆ ಹುಡುಗಿಯ ಪಾತ್ರ ಮಾಡಿದ ಕಾರ್ಮೆಲಾ ಸಾಜಿಯೊ ನಟಿಯೇ ಅಲ್ಲ. ಆ ಸೀಮೆಯಲ್ಲೇ ಸಿಕ್ಕ ಹುಡುಗಿ. ಮಠದ ಕಥೆಯಲ್ಲಿ ಕಾಣೋದು ನಿಜವಾದ ಸನ್ಯಾಸಿಗಳು. ಮೇಕಪ್ಪಿಲ್ಲ, ಸೆಟ್ಟಿಲ್ಲ. ಯುದ್ಧದಲ್ಲಿ ಸ್ಟುಡಿಯೋಗಳೇ ಹಾಳಾಗಿದ್ದವು. ಬೀದಿಯೇ ಸೆಟ್ಟು, ಜನರೇ ನಟರು. ಇದನ್ನೇ ಲೋಕವೆಲ್ಲಾ 'ನವ ವಾಸ್ತವವಾದ' ಅಂತ ಕೊಂಡಾಡಿತು.

ರೊಸೆಲ್ಲಿನಿಗೆ ಈ ಕರಾವಳಿ ಹಿಡಿಸಿಬಿಟ್ಟಿತು. 1948ರಲ್ಲಿ ಮತ್ತೆ ಬಂದ. 'ಪವಾಡ' ಎಂಬ ಅರ್ಧ ತಾಸಿಗಿಂತ ಸ್ವಲ್ಪ ಹೆಚ್ಚಿನ ಕಥೆ. ಮೇಕೆ ಕಾಯುವ ಮುಗ್ಧ ಹೆಂಗಸಾಗಿ ಆನಾ ಮಾನ್ಯಾನಿ. ಅವಳು ಸಂತನೆಂದು ನಂಬುವ ಅಲೆಮಾರಿಯಾಗಿ ಯಾರು ಗೊತ್ತೆ? ಮುಂದೆ ಮಹಾ ನಿರ್ದೇಶಕನಾದ ಫೆಲಿನಿ! ಬಸುರಾದ ಅವಳನ್ನು ಊರೆಲ್ಲಾ ಗೇಲಿ ಮಾಡುತ್ತೆ. ಅವಳೊಬ್ಬಳೇ ಬೆಟ್ಟ ಹತ್ತಿ ಹೋಗಿ ಇಗರ್ಜಿಯೊಂದರಲ್ಲಿ ಹೆರುತ್ತಾಳೆ. ನ್ಯೂಯಾರ್ಕಿನಲ್ಲಿ ಈ ಚಿತ್ರಕ್ಕೆ ನಿಷೇಧ ಬಿತ್ತು. ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, 1952ರಲ್ಲಿ ತೀರ್ಪು ಬಂತು. ಮಾತಿಗೆ, ಪತ್ರಿಕೆಗೆ ಇರುವ ಸ್ವಾತಂತ್ರ್ಯ ಸಿನಿಮಾಗೂ ಇದೆ ಅಂತ ಆ ಕೋರ್ಟು ಒಪ್ಪಿದ್ದು ಅದೇ ಮೊದಲು. ಅಮಾಲ್ಫಿ ಕರಾವಳಿಯ ಬೆಟ್ಟ ಹತ್ತಿದ ಒಬ್ಬ ಮೇಕೆ ಕಾಯುವ ಹೆಂಗಸು ಹಾಲಿವುಡ್ಡಿಗೆ ಬಾಯಿ ಕೊಡಿಸಿದಳು ನೋಡಿ!

1953ರಲ್ಲಿ 'ಇಟಲಿ ಪ್ರಯಾಣ' ಚಿತ್ರ ಶುರುವಾಯಿತು. ತೆರೆಗೆ ಬಂದದ್ದು 1954ರಲ್ಲಿ. ಇನ್‌ಗ್ರಿಡ್ ಬರ್ಗ್‌ಮನ್ ಮತ್ತು ಜಾರ್ಜ್ ಸ್ಯಾಂಡರ್ಸ್ ಜಗಳವಾಡುವ ಗಂಡಹೆಂಡತಿ. ಕೊನೆಯಲ್ಲಿ ದೇವರ ಮೆರವಣಿಗೆಯ ಜನಸಾಗರ ಇಬ್ಬರನ್ನೂ ಬೇರ್ಪಡಿಸಿ, ಮತ್ತೆ ಒಂದುಗೂಡಿಸುತ್ತೆ. ಆ ಮೆರವಣಿಗೆ ತೆಗೆದದ್ದೂ ಇದೇ ಮಯೋರಿಯಲ್ಲಿ, ಊರಿನ ಜನರನ್ನೇ ನಿಲ್ಲಿಸಿಕೊಂಡು.

ಈ ಮೆರವಣಿಗೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

*ಹತ್ತು ಮಗನೇ ಹತ್ತು!*

ಬೆಳಿಗ್ಗೆ ಎಂಟು ಗಂಟೆಗೆ ನಾವು ಹಾದಿಗಿಳಿದೆವು. ಇಳಿದೆವು ಅನ್ನೋದು ಮಾತಿಗೆ, ಹತ್ತಿದೆವು! ಮಯೋರಿಯ ಎತ್ತರದ ಇಗರ್ಜಿ 'ಸಾಂತಾ ಮರಿಯಾ ಅ ಮಾರೆ', ಅಂದರೆ ಕಡಲ ಮೇರಿಯಮ್ಮ. ಗುಮ್ಮಟಕ್ಕೆ ಬಣ್ಣದ ಹೆಂಚು. ಅದರ ಹತ್ತಿರದಿಂದ ಮನೆಗಳ ಸಂದಿಯಲ್ಲಿ ಮೆಟ್ಟಿಲು ಶುರು. ಎರಡು ಕಡೆ ಗೋಡೆ, ನಡುವೆ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಜಾಗ. ಹತ್ತು ನಿಮಿಷಕ್ಕೆ ನಮ್ಮ ಸಹನಿರ್ದೇಶಕರ ಕೊರಳಿನ ಮಫ್ಲರ್ ಸೊಂಟಕ್ಕೆ ಬಂತು. ಇಪ್ಪತ್ತು ನಿಮಿಷಕ್ಕೆ ಕ್ಯಾಮೆರಾ ಸಹಾಯಕ, "ಗುರುವೇ, ಇಲ್ಲಿ ಟ್ರಾಲಿ ಹೆಂಗೆ ಹಾಕೋದು?" ಅಂತ ಕೂತೇಬಿಟ್ಟ.

ಆಮೇಲೆ ತಿರುವು ದಾಟಿದ್ದೇ ತಡ, ಎಲ್ಲರೂ ಗಪ್‌ಚಿಪ್!

ಕೆಳಗೆ ಸಮುದ್ರ. ನೀಲಿ ಅಂದರೆ ಸಾಲದು, ಪೆನ್ನಿಗೆ ಹಾಕುವ ಶಾಯಿಯ ಹಾಗೆ. ಹಿಂದೆ ಮಯೋರಿಯ ಉದ್ದನೆಯ ಮರಳು ದಂಡೆ. ಈ ಕರಾವಳಿಯಲ್ಲಿ ಅಷ್ಟುದ್ದದ ದಂಡೆ ಬೇರೆ ಊರಿಗಿಲ್ಲ. ಮೇಲೆ ಕೆಳಗೆ ಎತ್ತ ನೋಡಿದರೂ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆಗಳು. ಒಂದೊಂದು ಗೋಡೆಯ ಹಿಂದೆ ನಾಲ್ಕು ಮಾರು ಮಣ್ಣು. ಆ ಮಣ್ಣಿನಲ್ಲಿ ನಿಂಬೆ ಗಿಡ. ಗಿಡದ ಮೇಲೆ ಚೆಸ್ಟ್‌ನಟ್ ಮರದ ಗಳಗಳಿಂದ ಕಟ್ಟಿದ ಚಪ್ಪರ. ಚಳಿಗಾಲದ ಗಾಳಿ, ಆಲಿಕಲ್ಲು ತಡೆಯೋಕೆ ಆ ಚಪ್ಪರದ ಮೇಲೆ ಬಲೆ ಹೊದಿಸುತ್ತಾರೆ. ನಾವು ಹೋದದ್ದು ಏಪ್ರಿಲ್. ಹೂ ಬಿಡುವ ಕಾಲ. ಮಲ್ಲಿಗೆಗೆ ನಿಂಬೆ ಹುಳಿ ಹಿಂಡಿದರೆ ಹೇಗೋ ಹಾಗೆ ಪರಿಮಳ!

ಹಣ್ಣು ನಮ್ಮ ಗೋಲಿಯಂಥ ನಿಂಬೆ ಅಲ್ಲ. ಗಜನಿಂಬೆಯ ನೆಂಟ. ಅಂಗೈ ತುಂಬುವಷ್ಟು, ಎರಡೂ ತುದಿ ಚೂಪು, ದಪ್ಪ ಸಿಪ್ಪೆ. 'ಸ್ಫುಸಾತೊ' ಅಂತ ಕರೀತಾರೆ. 2001ರಲ್ಲಿ 'ಅಮಾಲ್ಫಿ ಕರಾವಳಿಯ ನಿಂಬೆ' ಅಂತ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿತು, ನಮ್ಮ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗೆ ಇರುವ ಥರ. ಸಿಪ್ಪೆಯನ್ನು ಮದ್ಯದಲ್ಲಿ ನೆನೆಹಾಕಿ ಸಕ್ಕರೆ ಬೆರೆಸಿದರೆ 'ಲಿಮೊಂಚೆಲ್ಲೊ'. ಹಿಂದಿನ ಕಾಲದಲ್ಲಿ ಹಡಗಿನವರಿಗೆ ನಿಂಬೆ ಅಂದರೆ ಔಷಧಿ. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದು ಒಸಡಿನಲ್ಲಿ ರಕ್ತ ಬರುವ ಸ್ಕರ್ವಿ ರೋಗಕ್ಕೆ ಮದ್ದು. ಹಾಗಾಗಿ ಇಲ್ಲಿಯ ನಿಂಬೆ ಹಡಗೇರಿ ದೇಶಾಂತರ ಹೋಗುತ್ತಿತ್ತು.

ಸರಿ, ಹಡಗೇರಿತು. ಬೆಟ್ಟದಿಂದ ಹಡಗಿನ ತನಕ ಹೋದದ್ದು ಹೇಗೆ? ರಸ್ತೆಯಿಲ್ಲ, ಗಾಡಿಯಿಲ್ಲ. ಈ ಪ್ರಶ್ನೆ ನನಗೆ ಹೊಳೆದದ್ದು ಟೊರ್ರೆ ಎಂಬ ಹಳ್ಳಿಯ ಹತ್ತಿರ, ಹಾದಿಯ ನೆತ್ತಿಯ ಮೇಲೆ. ಉತ್ತರ ಕಲ್ಲು ಬೆಂಚಿನ ಮೇಲೆ ಕೂತಿತ್ತು.

*ಇರುವೆಗಳು*

ಎಂಬತ್ತರ ಆಸುಪಾಸಿನ ಅಜ್ಜಿ. ಕಪ್ಪು ಉಡುಪು, ಪಕ್ಕದಲ್ಲಿ ಊರುಗೋಲು. ಡ್ರೈವರಣ್ಣ ನಮಸ್ಕಾರ ಹೇಳಿದರು. ಅಜ್ಜಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ಹುಡುಗರು ಯಾಕಿಷ್ಟು ಏದುಸಿರು ಬಿಡ್ತಿದ್ದಾರೆ?" ಅಂತ ಕೇಳಿದರಂತೆ. ನಾಚಿಕೆಯಾಯಿತು!

"ಅಜ್ಜಿ, ಮೊದಲೆಲ್ಲಾ ಈ ನಿಂಬೆ ಕೆಳಗಿಳಿಸ್ತಿದ್ದವರು ಯಾರು ಅಂತ ಕೇಳಿ ಅಣ್ಣಾ" ಅಂದೆ.

ಅಜ್ಜಿ ತನ್ನ ಹೆಗಲು ತಟ್ಟಿಕೊಂಡು ಒಂದೇ ಮಾತು ಹೇಳಿದರು. "ಫೊರ್ಮಿಕೆಲ್ಲೆ."

ಪುಟ್ಟ ಇರುವೆಗಳು ಅಂತ ಅರ್ಥ. ಈ ಊರುಗಳ ಹೆಂಗಸರಿಗೆ ಬಿದ್ದ ಹೆಸರು. ಐವತ್ತು ಕಿಲೋ ದಾಟುವ ನಿಂಬೆ ಬುಟ್ಟಿ ಹೆಗಲಿಗೇರಿಸಿಕೊಂಡು ಸಾಲಾಗಿ ಮೆಟ್ಟಿಲಿಳಿದು, ಸಮುದ್ರದ ದಡದಲ್ಲಿ ಇಳಿಸಿ ಮತ್ತೆ ಹತ್ತೋದು. ದಿನಕ್ಕೆ ಒಂದು ಸಲವಲ್ಲ, ಹಲವು ಸಲ. ದೂರದಿಂದ ನೋಡಿದರೆ ಬೆಟ್ಟದ ಮೇಲೆ ಇರುವೆ ಸಾಲು. ಅಜ್ಜಿಯ ತಾಯಿಯೂ ಅವರಲ್ಲೊಬ್ಬಳು.

"ಹತ್ತುವಾಗ ಬುಟ್ಟಿ ಖಾಲಿ. ಇಳಿಯುವಾಗಲೇ ತೂಕ. ಅಮ್ಮನಿಗೆ ಕೊನೆಗೆ ಮಂಡಿ ಎರಡೂ ಹೋದವು" ಅಂದರು ಅಜ್ಜಿ.

ಮಿತ್ರರೇ, ಈ ಮಾತು ನನಗೆ ತಮಿಳಿಗೆ ಬರುವ ಮುಂಚೆಯೇ ಅರ್ಥವಾಯಿತು ಅಂದರೆ ನಂಬುತ್ತೀರಾ? ಪಿಯುಸಿ ಬಿಟ್ಟ ವರ್ಷ ನಾನು ಎಂಟು ತಿಂಗಳು ಮಂಡಿಯೊಂದರಲ್ಲಿ ಮೂಟೆ ಹೊತ್ತವನು. ಐವತ್ತು ಕಿಲೋ ಅಕ್ಕಿ ಮೂಟೆ ಅಂದರೆ ಏನು ಅಂತ ಕತ್ತಿನ ಹಿಂದಿನ ಮೂಳೆಗೆ ಗೊತ್ತು. ಲಾರಿಗೆ ಹಲಗೆ ಹತ್ತಿ ಏರಿಸೋದು ಸುಲಭ. ಉಸಿರು ಕಟ್ಟಿ ನಾಲ್ಕು ಹೆಜ್ಜೆ ಇಟ್ಟರೆ ಆಯಿತು. ಲಾರಿಯಿಂದ ಇಳಿಸೋದು ಇದೆಯಲ್ಲ, ಅದು ಕಷ್ಟ. ಹೆಜ್ಜೆ ಕೆಳಗಿಟ್ಟಾಗ ಮೂಟೆಯ ಭಾರವೆಲ್ಲಾ ಒಂದೇ ಮಂಡಿಯ ಮೇಲೆ ಕೂತು, 'ಕಟಕ್' ಅನ್ನುತ್ತೆ. ನಮ್ಮ ಹಿರಿಯ ಹಮಾಲಿ ಒಬ್ಬರು "ಲೋ, ಮಂಡಿಯಲ್ಲಿ ಮಂಡಿ ಜೋಪಾನ!" ಅಂತ ದಿನಾ ಹೇಳೋರು. ನಮಗಿದ್ದದ್ದು ಒಂದು ಹಲಗೆ. ಈ ತಾಯಂದಿರಿಗಿದ್ದದ್ದು ನೂರಾರು ಮೆಟ್ಟಿಲು.

ಅಲ್ಲಿಂದ ಮುಂದೆ ಆ ಹಾದಿ ನನಗೆ ಬೇರೆಯಾಗಿ ಕಂಡಿತು. ಕಲ್ಲಿನ ಅಂಚುಗಳು ಸವೆದು ನುಣ್ಣಗಾಗಿದ್ದವು. ಅದುವರೆಗೆ "ಆಹಾ, ಎಷ್ಟು ಹಳೇ ಕಾಲದ ಮೆಟ್ಟಿಲು!" ಅಂತ ಫೋಟೋ ಹೊಡೆದುಕೊಂಡಿದ್ದೆ. ಸವೆಸಿದ ಪಾದ ಯಾರದ್ದು ಅಂತ ಈಗ ಗೊತ್ತಾಯಿತು.

*ಮೆರವಣಿಗೆಯಲ್ಲಿ ಅಜ್ಜಿ ಕಂಡದ್ದು*

ನನ್ನ ಮೊಬೈಲಿನಲ್ಲಿ 'ಇಟಲಿ ಪ್ರಯಾಣ'ದ ಕೊನೆಯ ದೃಶ್ಯ ಇತ್ತು. ಅಜ್ಜಿಗೆ ತೋರಿಸಿದೆ. ಬರ್ಗ್‌ಮನ್ ಮುಖ ದೊಡ್ಡದಾಗಿ ಬಂದಾಗ, "ಇವರು ಗೊತ್ತಾ ಅಜ್ಜಿ?" ಅಂತ ಕೇಳಿಸಿದೆ. ಅಜ್ಜಿ ಉತ್ತರ ಕೊಡಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಮೊಬೈಲನ್ನು ಮೂಗಿನ ಹತ್ತಿರ ಹಿಡಿದರು. "ನಿಲ್ಲಿಸು, ಹಿಂದಕ್ಕೆ ಹಾಕು" ಅಂದರು. ಹಾಕಿದೆ. ಮತ್ತೆ ಹಿಂದಕ್ಕೆ. ಮತ್ತೆ.

ನಾನು ನಾಯಕಿಯನ್ನು ನೋಡ್ತಿದ್ದೆ. ಅಜ್ಜಿ ನೋಡ್ತಿದ್ದದ್ದು ಹಿಂದಿನ ಗುಂಪನ್ನು!

"ಇವರೆಲ್ಲಾ ನಮ್ಮ ಜನ. ನೀರು ಬರೋಕೆ ಮುಂಚಿನ ಜನ" ಅಂದರು.

ನೀರು ಅಂದರೆ ಏನು ಅಂತ ಡ್ರೈವರಣ್ಣ ಬಿಡಿಸಿ ಹೇಳಿದರು. 1954ರ ಅಕ್ಟೋಬರ್ 25ರ ರಾತ್ರಿ. ಸಲೆರ್ನೊ ಸುತ್ತಮುತ್ತ ಆಕಾಶವೇ ಹರಿದ ಹಾಗೆ ಮಳೆ. ಬೆಟ್ಟದ ಮಣ್ಣು, ಬಂಡೆ, ಮರ ಎಲ್ಲಾ ಹಳ್ಳದ ಜೊತೆ ಇಳಿದು ಬಂತು. ಮಯೋರಿ ಊರಿನ ನಡುವೆಯೇ ಹರಿಯುವ ಹಳ್ಳ ಮನೆಗಳನ್ನು ಸಮುದ್ರಕ್ಕೆ ತಳ್ಳಿತು. ಬೆಳಗಾಗುವಷ್ಟರಲ್ಲಿ ಈ ಸೀಮೆಯಲ್ಲಿ ಸತ್ತವರು ಮುನ್ನೂರಕ್ಕೂ ಹೆಚ್ಚು. ಅಜ್ಜಿಗೆ ಆಗ ಒಂಬತ್ತು ವರ್ಷ.

ರೊಸೆಲ್ಲಿನಿ ಮೆರವಣಿಗೆ ತೆಗೆದದ್ದು 1953ರಲ್ಲಿ. ಪ್ರವಾಹ ಬಂದದ್ದು 1954ರಲ್ಲಿ. ಅಂದರೆ ಆ ಚಿತ್ರದಲ್ಲಿರೋದು ಮುಳುಗುವ ಮುಂಚಿನ ಊರು, ಮುಳುಗುವ ಮುಂಚಿನ ಮುಖಗಳು! ಆ ದಿನ ಕ್ಯಾಮೆರಾ ಮುಂದೆ ಬಾಡಿಗೆ ಎಕ್ಸ್‌ಟ್ರಾಗಳನ್ನು ನಿಲ್ಲಿಸಿದ್ದರೆ? ಊರಿನವರನ್ನು ಹಗ್ಗ ಕಟ್ಟಿ ದೂರ ನಿಲ್ಲಿಸಿ, ಬರೀ ನಾಯಕ ನಾಯಕಿ, ಹಿಂದೆ ಸಮುದ್ರ ಅಂತ ತೆಗೆದಿದ್ದರೆ? ಅಜ್ಜಿಗೆ ನೋಡೋಕೆ ಏನೂ ಉಳಿಯುತ್ತಿರಲಿಲ್ಲ.

ಸಿನಿಮಾ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಪಾಠ ಹೇಳಿರಲಿಲ್ಲ.

*ಗೋಡೆ ಬಿದ್ದರೆ?*

ಎದ್ದು ಹೊರಡುವಾಗ ಅಜ್ಜಿ ಎದುರಿನ ಇಳಿಜಾರು ತೋರಿಸಿದರು. ಕೆಲವು ಪಾತಿಗಳು ಹಸಿರಾಗಿ ನಗುತ್ತಿವೆ. ಪಕ್ಕದಲ್ಲೇ ಕೆಲವು ಮುಳ್ಳುಪೊದೆ ತುಂಬಿ, ಚಪ್ಪರ ಮುರಿದು ಬಿದ್ದಿವೆ. ಹುಡುಗರು ಬಿಟ್ಟು ಹೋದರಂತೆ. ಟ್ರಾಕ್ಟರ್ ಬರದ ಜಾಗ. ಈಗಲೂ ಹೆಗಲು, ಇಲ್ಲ ಅಂದರೆ ಹೇಸರಗತ್ತೆ, ಅಲ್ಲಲ್ಲಿ ಕಂಬಿಯ ಮೇಲೆ ಓಡುವ ಪುಟ್ಟ ಯಂತ್ರ. ನಿಂಬೆಗೆ ಸಿಗುವ ಬೆಲೆಗಿಂತ ಹೋಟೆಲಿನಲ್ಲಿ ತಟ್ಟೆ ಹಿಡಿದರೆ ಹೆಚ್ಚು ಸಂಬಳ. ಯಾರನ್ನು ದೂರೋಣ? ಮೂಟೆ ಬಿಟ್ಟು ಪೆನ್ನು ಹಿಡಿದವನು ನಾನು!

ಆದರೆ ಇದರಲ್ಲಿ ಇನ್ನೊಂದು ಅಪಾಯ ಇದೆ. ಆ ಗಾರೆಯಿಲ್ಲದ ಗೋಡೆಗಳನ್ನು ವರ್ಷ ವರ್ಷ ನೋಡಿಕೊಳ್ಳಬೇಕು. ಒಂದು ಕಲ್ಲು ಜಾರಿದರೆ ಆಗಲೇ ಕೂರಿಸಬೇಕು. ಕಲ್ಲಿನ ಸಂದಿಯಲ್ಲಿ ನೀರು ಸೋರಿ ಹೋಗೋದರಿಂದಲೇ ಮಣ್ಣು ನಿಂತಿರೋದು. ನೋಡಿಕೊಳ್ಳುವವರು ಇಲ್ಲದಿದ್ದರೆ ಒಂದು ಗೋಡೆ ಬಿದ್ದು, ಅದರ ಮಣ್ಣು ಕೆಳಗಿನ ಗೋಡೆಗೆ, ಅದು ಇನ್ನೊಂದಕ್ಕೆ. ಕೊನೆಗೆ ಊರಿನ ಮೇಲೆ. ನೀವು ನಾವು ಫೋಟೋದಲ್ಲಿ 'ಪ್ರಕೃತಿ ಸೌಂದರ್ಯ' ಅನ್ನೋದು ಪ್ರಕೃತಿ ಕೊಟ್ಟದ್ದಲ್ಲ. ನೂರಾರು ವರ್ಷ ಜನ ಕಲ್ಲು ಹೊತ್ತು, ಮಣ್ಣು ಹೊತ್ತು ಕಟ್ಟಿದ್ದು. ಅದನ್ನು ಕಟ್ಟಿದ ಕೈ ನಿಂತರೆ ಸೌಂದರ್ಯವೂ ಜಾರುತ್ತೆ.

ಇಳಿಜಾರು ಶುರುವಾಯಿತು. ನನ್ನ ಮಂಡಿ ಹಳೇ ಪರಿಚಯ ನೆನಪಿಸಿಕೊಂಡಿತು. ಅರ್ಧ ಗಂಟೆಗೆ ಮಿನೋರಿ. ಮಯೋರಿಯಿಂದ ನಿಂತು, ಕೂತು, ಮಾತಾಡಿ ಬಂದದ್ದಕ್ಕೆ ನಮಗೆ ಹಿಡಿದದ್ದು ಎರಡು ಗಂಟೆ. ಸುಮ್ಮನೆ ನಡೆದರೆ ಒಂದೇ ಗಂಟೆ ಸಾಕು. ಮಿನೋರಿಯಲ್ಲಿ ಸಂತ ತ್ರೊಫಿಮೆನಾಳ ಇಗರ್ಜಿ ಇದೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿರಿವಂತರು ಕಟ್ಟಿಸಿದ ಕಡಲ ತೀರದ ಬಂಗಲೆಯ ಅವಶೇಷ ಇದೆ. ನಿಂಬೆ ಹಾಕಿದ ಸಿಹಿತಿಂಡಿ ಇದೆ. ಒಂದು ತುಂಡಿಗೆ ನಮ್ಮೂರಿನಲ್ಲಿ ಎರಡು ಊಟ ಬರುತ್ತೆ, ಆದರೂ ತಿಂದೆ!

*ಹಾಡಿಗೆ ಹಾದಿ ಬೇಕೆ?*

ಸಮುದ್ರದ ಕಟ್ಟೆಯ ಮೇಲೆ ಕೂತು ಚರ್ಚೆ ಶುರುವಾಯಿತು. ಸಹನಿರ್ದೇಶಕರಿಗೆ ಜಾಗ ಇಷ್ಟ, ದಾರಿ ಕಷ್ಟ.

"ಮೇಲಿನ ತಿರುವು ಸೂಪರ್ ಕಣೋ. ಆದರೆ ಜನ ಓಡಾಡ್ತಾರೆ. ಬೆಳಿಗ್ಗೆ ಆರಕ್ಕೇ ಬಂದು, ಯಾರೂ ಇಲ್ಲದಾಗ ತೆಗೆದುಬಿಡಬೇಕು. ಫ್ರೇಮ್ ಕ್ಲೀನ್ ಇರಬೇಕು" ಅಂದರು.

"ಸಾರ್, ಜನ ಇರಲಿ ಬಿಡಿ" ಅಂದೆ.

"ಅಂದ್ರೆ?"

"ನಾಯಕಿ ಇಳಿಯುವಾಗ ಎದುರಿಗೆ ಒಬ್ಬ ಹಣ್ಣಿನ ಬುಟ್ಟಿ ಹೊತ್ತು ಹತ್ತಲಿ. ಇವಳು ಗೋಡೆಗೆ ಒರಗಿ ದಾರಿ ಬಿಡಲಿ. ಬೆಂಚಿನ ಮೇಲೆ ಆ ಅಜ್ಜಿ ಒಪ್ಪಿದರೆ ಅವರನ್ನೇ ಕೂರಿಸಿ. ದುಡ್ಡು ಕೊಟ್ಟು, ಕೇಳಿ. ಮೂರು ಸೆಕೆಂಡು ಸಾಕು."

"ನೀನು ಲಗೇಜು ಎಣಿಸೋಕೆ ಬಂದವನಾ, ಕಥೆ ಹೇಳೋಕೆ ಬಂದವನಾ?" ಅಂತ ನಕ್ಕರು. ಕ್ಯಾಮೆರಾ ಸಹಾಯಕ ನಗಲಿಲ್ಲ. "ಸಾರ್, ಟ್ರಾಲಿ ಹೆಂಗೂ ಆಗಲ್ಲ. ಕೈಯಲ್ಲಿ ಹಿಡಿದು ತೆಗೆದರೆ ಬುಟ್ಟಿಯವನ ಹಿಂದೆಯೇ ಹೋಗಬಹುದು" ಅಂದ. ಸಹನಿರ್ದೇಶಕರು ಡೈರಿ ತೆಗೆದು ಏನೋ ಬರೆದುಕೊಂಡರು. ಕೊನೆಯ ಮಾತು ನಿರ್ಮಾಪಕರದ್ದು. ಇದನ್ನು ಬರೆಯುವ ಹೊತ್ತಿಗೂ ತೀರ್ಮಾನ ಆಗಿಲ್ಲ.

ನನ್ನ ಮಾತು ದೊಡ್ಡದಾಯಿತೋ ಏನೋ. ಆದರೆ ರೊಸೆಲ್ಲಿನಿಯ ಈ ಪಾಠ ನಮಗೆ ದೂರದ್ದೇನಲ್ಲ. ಆತ 1956ರ ಡಿಸೆಂಬರಿನಲ್ಲಿ ಭಾರತಕ್ಕೇ ಬಂದಿದ್ದ. ಪತ್ರಿಕೆಗಳು ಆತನ ಪ್ರೇಮ ಪ್ರಕರಣದ ಹಿಂದೆ ಬಿದ್ದಿದ್ದಾಗ ಆತ ಮಾವುತರ ಹಿಂದೆ, ಹಿರಾಕುಡ್ ಅಣೆಕಟ್ಟು ಕಟ್ಟಿದ ಕೂಲಿಯವರ ಹಿಂದೆ ಕ್ಯಾಮೆರಾ ಹಿಡಿದು ಹೋಗಿ, 'ಇಂಡಿಯಾ: ಮಾತೃಭೂಮಿ' (1959) ತೆಗೆದ. ಅಲ್ಲೂ ತಾರೆಯರಿಲ್ಲ, ಊರಿನ ಜನರೇ. ಇಟಲಿಗೆ ಹೋಗಿ ರೊಸೆಲ್ಲಿನಿಯ ಬಳಿ ಕೆಲಸ ಕಲಿತು ಬಂದ ನಮ್ಮ ಕನ್ನಡಿಗರೂ ಇದ್ದರು. 'ಸುಬ್ಬಾಶಾಸ್ತ್ರಿ' (1966) ನಿರ್ದೇಶಿಸಿದ ಎಂ. ವಿ. ಕೃಷ್ಣಸ್ವಾಮಿ. ಅಂದಮೇಲೆ ಆ ಹಾದಿಗೂ ಗಾಂಧಿನಗರಕ್ಕೂ ನೆಂಟಸ್ತಿಕೆ ಹಳೆಯದು!

ಹೋಗುವ ಆಸೆಯಿದ್ದವರಿಗೆ ಎರಡು ಮಾತು. ನೇಪಲ್ಸಿನಿಂದ ಸಲೆರ್ನೊಗೆ ರೈಲು. ಅಲ್ಲಿಂದ ಮಯೋರಿಗೆ ಬಸ್ಸು, ಬೇಸಿಗೆಯ ಕಾಲದಲ್ಲಿ ದೋಣಿಯೂ ಉಂಟು. ಏಪ್ರಿಲ್, ಮೇ ಒಳ್ಳೆಯದು. ಆಗಸ್ಟಿನಲ್ಲಿ ಬಿಸಿಲು, ಜನಜಂಗುಳಿ. ಒಳ್ಳೇ ಬೂಟು ಹಾಕಿ, ನೀರು ಇಟ್ಟುಕೊಳ್ಳಿ. ತೋಟದ ಹಣ್ಣಿಗೆ ಕೈ ಹಾಕಬೇಡಿ, ಅದು ಇನ್ನೊಬ್ಬರ ಬೆವರು. ಹೆಗಲ ಮೇಲೆ ಭಾರ ಹೊತ್ತವರು ಎದುರಾದರೆ ದಾರಿ ಬಿಡುವವರು ನೀವು.

ಹೋಗಲು ಆಗದವರು, ಅಂದರೆ ನಮ್ಮಲ್ಲಿ ಮುಕ್ಕಾಲು ಪಾಲು, ಬೇಸರ ಪಡಬೇಡಿ. ಮುಂದಿನ ಸಲ ಟಾಕೀಸಿನಲ್ಲಿ ಹಾಡು ಬಂದಾಗ ನಾಯಕ ನಾಯಕಿಯ ಹಿಂದೆ ಸ್ವಲ್ಪ ಕಣ್ಣು ಹಾಯಿಸಿ. ಮಡಿಕೇರಿ ಆಗಲಿ, ಸಕಲೇಶಪುರ ಆಗಲಿ, ಇಟಲಿಯೇ ಆಗಲಿ. ಆ ತೋಟ, ಆ ಮೆಟ್ಟಿಲು, ಆ ಗೋಡೆ ಯಾರೋ ಕಟ್ಟಿದ್ದು. ಅವರು ಚೌಕಟ್ಟಿನ ಒಳಗಿದ್ದಾರಾ, ಹೊರಗಿದ್ದಾರಾ? ಹೊರಗಿದ್ದರೆ ನಿರ್ದೇಶಕರಿಗೆ ಒಂದು ಕಾಗದ ಬರೆದು ಕೇಳಿ. ಅಭಿ‍ಮಾನಿಗಳ ಮಾತಿಗೆ ಗಾಂಧಿನಗರದಲ್ಲಿ ಇನ್ನೂ ಬೆಲೆಯಿದೆ.